ಬೇಡಲು ಕಲಿತ ಪಂಡಿತೆ

ನಮ್ಮ ಹಳ್ಳಿಯ ಸಭೆಗಳಲ್ಲಿ ಎರಡು ವಿಧವಾದ ಬಾಗಿಲುಗಳುಂಟು. ಒಳಗೆ ಒಲೆಯು ಹೊತ್ತದಿದ್ದರೂ ನೆರೆಯವರಿಗೆ ತಿಳಿಯಬಾರದೆಂದು ಮುಚ್ಚಿಕೊಂಡಿರುವ ಬಾಗಿಲು ಒಂದು. ಬೇಡಬಂದವನಿಗೆ ತೆರೆದರೂ, ಕೊಟ್ಟದ್ದನ್ನು ಬಾವಿಕಟ್ಟೆಯ ವರೆಗೂ ಸಾರಿಬರುವ ಬಾಗಿಲು ಮತ್ತೊಂದು. ಮೊದಲನೆಯ ಮನೆಯವನು ತನ್ನ ಮಾನವನ್ನು ಕಾಪಾಡಿಕೊಂಡೆನೆಂದು ಎಣಿಸುತ್ತಾನೆ. ಎರಡನೆಯವನು ತಾನು ಧರ್ಮವನ್ನು ನಡಿಸಿದೆನೆಂದು ಎಣಿಸುತ್ತಾನೆ. ಆದರೆ ಈ ಎರಡು ಬಾಗಿಲುಗಳ ಹಿಂದೆಯೂ ಕೂತಿರುವದು ಒಂದೇ ಗರ್ವ. ಸಹಾಯವನ್ನು ಕೇಳುವದಕ್ಕೂ ದೀನಮನಸ್ಸು ಬೇಕು, ಕೊಡುವದಕ್ಕೂ ದೀನಮನಸ್ಸು ಬೇಕು ಎಂಬದನ್ನು ನಾವು ತಿಳಿದುಕೊಳ್ಳುವ ಹಾಗೆ, ಈ ತಿಂಗಳು ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯುತ್ತೇವೆ. ಇವರು ಲೋಕಪ್ರಸಿದ್ಧರಾದರೂ ನಮಗೆ ಅನ್ಯರಲ್ಲ, ನಮ್ಮ ಕನ್ನಡನಾಡಿನ ಮಣ್ಣಿನಲ್ಲಿಯೇ ಹುಟ್ಟಿದವರು.

ಪಶ್ಚಿಮ ಘಟ್ಟದಲ್ಲಿ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲವೆಂಬ ಅರಣ್ಯಪ್ರದೇಶದಲ್ಲಿ 1858ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ರಮಾಬಾಯಿಯವರು ಜನಿಸಿದರು. ಇವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಘಟ್ಟದ ಕೆಳಗೆ ಕಾರ್ಕಳ ಸೀಮೆಯಲ್ಲಿರುವ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ಘನ ವಿದ್ವಾಂಸರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ನಿಷೇಧವು ಬಲವಾಗಿದ್ದ ಆ ಕಾಲದಲ್ಲಿ ಅವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಗೆ ಆ ಭಾಷೆಯನ್ನು ಕಲಿಸಿದರು. ಅದಕ್ಕಾಗಿ ಸ್ವಜನರ ವಿರೋಧವು ಉಂಟಾದಾಗ ಕಾಡನ್ನು ಸೇರಿ ಅಲ್ಲಿ ಮನೆಯನ್ನು ಕಟ್ಟಿ, ಶಿಷ್ಯರನ್ನು ಇಟ್ಟುಕೊಂಡು ಪಾಠಹೇಳುತ್ತಿದ್ದರು. ಬಂದ ಅತಿಥಿಗಳಿಗೂ ಯಾತ್ರಿಕರಿಗೂ ಅನ್ನವಿಕ್ಕುತ್ತಾ ಅವರ ಆಸ್ತಿಯೆಲ್ಲಾ ಕರಗಿಹೋಯಿತು. ರಮಾಬಾಯಿಯು ಆರು ತಿಂಗಳ ಕೂಸಾಗಿದ್ದಾಗ ಆ ಕುಟುಂಬವು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಹೊತ್ತುಕೊಂಡು ಘಟ್ಟವಿಳಿದರಂತೆ.

ಅಂದಿನಿಂದ ಅವರಿಗೆ ಮನೆಯೆಂಬದು ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಾ, ದೇವಸ್ಥಾನದ ಪ್ರಾಕಾರದಲ್ಲಿಯೋ ನದಿಯ ದಡದಲ್ಲಿಯೋ ಕೂತು ಪುರಾಣಗಳನ್ನು ಓದುತ್ತಿದ್ದರು. ಕೇಳಿದವರು ಮುಂದಿಟ್ಟ ಧಾನ್ಯ, ವಸ್ತ್ರ, ಹಣಗಳಿಂದ ಜೀವನವು ಸಾಗುತ್ತಿತ್ತು. ಅವರು ಯಾರನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತಮಗೆ ಬಂದದ್ದರಲ್ಲಿಯೂ ಸ್ವಲ್ಪವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಪುಣ್ಯಾರ್ಥವಾಗಿ ದಾನಮಾಡುತ್ತಿದ್ದರು. ತಾಯಿಯು ನಸುಕಿನಲ್ಲಿ ಎಬ್ಬಿಸಿ ಹೇಳಿಕೊಟ್ಟ ಪಾಠದಿಂದ ಈ ಬಾಲಕಿಯು ಸಾವಿರಾರು ಶ್ಲೋಕಗಳನ್ನು ಕಂಠಪಾಠಮಾಡಿದಳು. ಹೀಗೆ ವಿದ್ಯೆಯು ಬೆಳೆಯಿತು. ಅದರೊಡನೆ, ನಾವು ಕೈಯೊಡ್ಡುವವರಲ್ಲ, ಕೂಲಿಮಾಡುವವರಲ್ಲ ಎಂಬ ಅಭಿಮಾನವೂ ಬೆಳೆಯಿತು.

1870ರ ದಶಕದಲ್ಲಿ ದಕ್ಷಿಣದೇಶಕ್ಕೆ ಕ್ಷಾಮವು ಬಂತು. ಪುರಾಣವನ್ನು ಕೇಳುವವರು ತಾವೇ ಹಸಿದಿರುವಾಗ ಪೌರಾಣಿಕರಿಗೆ ಕೊಡುವವರು ಯಾರು? ಒಡವೆಗಳು ಹೋದವು, ಬೆಳ್ಳಿಯ ಪಾತ್ರೆಗಳು ಹೋದವು, ಕಡೆಗೆ ತಾಮ್ರ ಹಿತ್ತಾಳೆಗಳೂ ಹೋದವು. ಕೈಯಲ್ಲಿದ್ದ ಹಣವನ್ನು ದೇವತಾಪೂಜೆಗೂ ದಾನಕ್ಕೂ ವೆಚ್ಚಮಾಡಿ, ದೈವದ ಕೃಪೆಯನ್ನು ಕಾದುಕೊಂಡಿದ್ದರು. ಕೂಲಿಕೆಲಸವನ್ನು ಮಾಡಲು ಕುಲಾಭಿಮಾನವು ಬಿಡಲಿಲ್ಲ. ಬೇಡಲು ನಾಚಿಕೆಯು ಬಿಡಲಿಲ್ಲ. ಬದುಕುವದಕ್ಕೆ ಬೇರೊಂದು ಕಸಬು ತಿಳಿದಿರಲಿಲ್ಲ. ರಮಾಬಾಯಿಯವರು ಬಹುಕಾಲದ ತರುವಾಯ ಬರೆದ ತಮ್ಮ ಸಾಕ್ಷಿಯಲ್ಲಿ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಕಾಡಿನಲ್ಲಿ ಎಲೆಗಳನ್ನು ತಿಂದು ದಿನಗಳನ್ನು ಕಳೆಯಬೇಕಾಯಿತು. ಮುಪ್ಪಿನಿಂದ ಕಣ್ಣುಕಾಣದವರಾಗಿದ್ದ ತಂದೆಯು ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣಬಿಡುವೆನೆಂದು ನಿಶ್ಚಯಿಸಿ, ಮಕ್ಕಳೊಬ್ಬೊಬ್ಬರನ್ನಾಗಿ ಕರೆದು ಬೀಳ್ಕೊಡಲು ಆರಂಭಿಸಿದರು.

ಆ ಗಳಿಗೆಯಲ್ಲಿ ಅಣ್ಣನಾದ ಶ್ರೀನಿವಾಸನು ಮುಂದೆ ಬಂದು, ಕುಲದ ಅಭಿಮಾನವನ್ನು ಬಿಟ್ಟು ಕೂಲಿಮಾಡಿಯಾದರೂ ತಂದೆತಾಯಿಗಳನ್ನು ಸಾಕುವೆನೆಂದು ಹೇಳಿದನು. ಆ ಕುಟುಂಬದಲ್ಲಿ ಗರ್ವದ ಗೋಡೆಯು ಮೊದಲು ಬಿರಿದದ್ದು ಅಲ್ಲಿ. ತಂದೆಯು ನೀರಿಗೆ ಬೀಳುವ ಯೋಚನೆಯನ್ನು ಬಿಟ್ಟರು. ಆದರೆ ಸಹಾಯಕ್ಕೆ ಕಾಲವು ಮೀರಿತ್ತು. ಸ್ವಲ್ಪ ದಿನಗಳಲ್ಲಿಯೇ ಅವರು ತೀರಿಹೋದರು. ತಾಯಿಯೂ ಹಸಿವು ಜ್ವರಗಳಿಂದ ಮಲಗಿದರು. ಯಾರ ಬಾಗಿಲನ್ನೂ ತಟ್ಟದ ಮಗಳು ತಾಯಿಗೋಸ್ಕರ ನೆರೆಮನೆಗೆ ಹೋಗಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಬೇಡಿ ತಂದಳು. ಆದರೆ ತಾಯಿಗೆ ಅದನ್ನು ತಿನ್ನುವ ಶಕ್ತಿಯು ಉಳಿದಿರಲಿಲ್ಲ. ಶವವನ್ನು ಹೊರಲು ಜನರು ದೊರಕದೆ, ಕನಿಕರಪಟ್ಟು ಬಂದ ಇಬ್ಬರು ಬ್ರಾಹ್ಮಣರೊಡನೆ ಅಣ್ಣನೂ ತಂಗಿಯೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ರಮಾಬಾಯಿಯು ಕುಳ್ಳಾಗಿದ್ದದರಿಂದ ತನ್ನ ಪಾಲಿನ ಭಾರವನ್ನು ತಲೆಯ ಮೇಲೆಯೇ ಹೊತ್ತಳು. ಕೆಲವು ತಿಂಗಳಲ್ಲಿ ಅಕ್ಕನೂ ಮರಣಹೊಂದಿದಳು.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕುಟುಂಬದವರು ದುಷ್ಟರಲ್ಲ, ಸೋಮಾರಿಗಳೂ ಅಲ್ಲ. ಕೈಯಲ್ಲಿದ್ದಾಗ ಧಾರಾಳವಾಗಿ ಕೊಟ್ಟವರು. ಕೊಡುವದು ಅವರಿಗೆ ತಿಳಿದಿತ್ತು, ಕೇಳುವದು ತಿಳಿದಿರಲಿಲ್ಲ. ಕೊಡುವದರಲ್ಲಿ ಮಾತ್ರವೇ ಅಭ್ಯಾಸವಿದ್ದವನಿಗೆ ಕೈಯು ಬರಿದಾದ ದಿನ ಎಷ್ಟು ಕಷ್ಟವಾಗುವದೆಂಬದನ್ನು ಇಲ್ಲಿ ಕಾಣುತ್ತೇವೆ.

ಉಳಿದ ಅಣ್ಣತಂಗಿಯರು ವರುಷಗಟ್ಟಲೆ ದೇಶವನ್ನೆಲ್ಲಾ ನಡೆದರು. ಉತ್ತರದಲ್ಲಿ ಜೇಲಮ್ ನದಿಯ ತೀರದಲ್ಲಿ ಚಳಿಗೆ ಹೊದಿಕೆಯಿಲ್ಲದೆ, ಮರಳಿನಲ್ಲಿ ಗುಂಡಿಗಳನ್ನು ತೋಡಿ ಕುತ್ತಿಗೆಯ ವರೆಗೂ ಮರಳನ್ನು ಮುಚ್ಚಿಕೊಂಡು ರಾತ್ರಿಯನ್ನು ಕಳೆದರು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಈ ಯುವತಿಯ ಪಾಂಡಿತ್ಯವನ್ನು ಪರೀಕ್ಷಿಸಿ ಬೆರಗಾಗಿ, ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ತೀರಿಹೋದನು. ಅದೇ ವರುಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರೊಂದಿಗೆ, ಜಾತಿಯ ಕಟ್ಟನ್ನು ಮೀರಿ ವಿವಾಹವಾಯಿತು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಆರಂಭದಲ್ಲಿ ಪತಿಯು ವಾಂತಿಭೇದಿಯಿಂದ ಮೃತಪಟ್ಟರು. ಇಪ್ಪತ್ತಮೂರು ವರುಷ ಪ್ರಾಯದಲ್ಲಿ, ಎದೆಯ ಮೇಲೆ ಕೂಸನ್ನಿಟ್ಟುಕೊಂಡು, ರಮಾಬಾಯಿಯು ವಿಧವೆಯಾದರು.

ಪುಣೆಗೆ ಬಂದು ಸ್ತ್ರೀಯರಿಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ತಾವು ಬರೆದ ಮರಾಠಿ ಪುಸ್ತಕದ ಮಾರಾಟದಿಂದ ಬಂದ ಹಣದ ಸಹಾಯದಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ವೈದ್ಯವಿದ್ಯೆಯನ್ನು ಕಲಿಯಬೇಕೆಂಬದು ಅವರ ಆಶೆಯಾಗಿತ್ತು, ಆದರೆ ಕಿವಿಯು ಮಂದವಾಗುತ್ತಾ ಬಂದದರಿಂದ ಅದನ್ನು ಬಿಡಬೇಕಾಯಿತು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರು ಅವರನ್ನೂ ಕೂಸನ್ನೂ ತಮ್ಮಲ್ಲಿ ಇಟ್ಟುಕೊಂಡರು. ಆ ಸಹೋದರಿಯರು ಲಂಡನಿನ ಫುಲ್ಹಮ್ ಎಂಬಲ್ಲಿ, ಲೋಕವು ಹೊಲಸೆಂದು ತಳ್ಳಿಬಿಟ್ಟ ಸ್ತ್ರೀಯರನ್ನು ಸ್ವಂತ ಒಡಹುಟ್ಟಿದವರಂತೆ ಉಪಚರಿಸುತ್ತಿದ್ದದ್ದನ್ನು ರಮಾಬಾಯಿಯವರು ನೋಡಿ ಆಶ್ಚರ್ಯಪಟ್ಟರು. ಇಂಥ ಪ್ರೀತಿಯು ಎಲ್ಲಿಂದ ಬಂತೆಂದು ವಿಚಾರಿಸಲಾಗಿ, ಯೋಹಾನನ ಸುವಾರ್ತೆಯಲ್ಲಿರುವ ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ಅವರಿಗೆ ಓದಿಕೊಟ್ಟರು. ಆ ವೃತ್ತಾಂತವು ಅವರ ಹೃದಯವನ್ನು ಹಿಡಿಯಿತು. 1883ರ ಸೆಪ್ಟೆಂಬರ್ 29ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು.

ಆ ವೃತ್ತಾಂತವು ಹೇಗೆ ಆರಂಭವಾಗುವದೆಂದು ನಮ್ಮ ಓದುಗರು ನೆನಪಿಗೆ ತಂದುಕೊಳ್ಳಲಿ. ದಣಿದು ಬಾವಿಯ ಬಳಿಯಲ್ಲಿ ಕೂತ ಕರ್ತನು ಮೊದಲು ಕೊಡಲಿಲ್ಲ, ಮೊದಲು ಕೇಳಿದನು. ಯಾರ ಕೈಯ ನೀರನ್ನು ಯೆಹೂದ್ಯರು ಮುಟ್ಟುತ್ತಿರಲಿಲ್ಲವೋ ಆ ಸ್ತ್ರೀಯ ಹತ್ತಿರ ಕುಡಿಯಲು ನೀರು ಬೇಡಿದನು. ಜೀವಜಲದ ಒಡೆಯನು ತನ್ನ ಬಾಯಾರಿಕೆಯನ್ನು ಮರೆಮಾಡದೆ ಹೇಳಿಕೊಂಡ ಮೇಲೆಯೇ ಆಕೆಗೆ ತನ್ನ ವರವನ್ನು ಕುರಿತು ಮಾತಾಡಿದನು. ಬೇಡುವದನ್ನು ಮರಣಕ್ಕಿಂತಲೂ ಕಠಿಣವೆಂದು ಕಂಡ ಮನೆತನದ ಮಗಳಿಗೆ ಈ ಕಥೆಯೇ ಬಾಗಿಲಾಯಿತೆಂಬದು ಎಷ್ಟು ಸೋಜಿಗ!

1886ರಲ್ಲಿ, ವೈದ್ಯಪದವಿಯನ್ನು ಪಡೆದ ಆನಂದೀಬಾಯಿ ಜೋಶಿಯವರ ಪದವೀದಾನದ ಸಮಯಕ್ಕೆ ರಮಾಬಾಯಿಯವರು ಅಮೇರಿಕಾ ದೇಶಕ್ಕೆ ಹೋದರು. ಅಲ್ಲಿ ಊರೂರಿಗೆ ಪ್ರಯಾಣಮಾಡಿ, ಹಿಂದೂದೇಶದ ಬಾಲವಿಧವೆಯರಿಗಾಗಿ ಸಹಾಯವನ್ನು ಕೇಳಿದರು. ಉಚ್ಚವರ್ಣದ ಹಿಂದೂಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದು 1887ರಲ್ಲಿ ಪ್ರಕಟಿಸಿದರು. ಅದೇ ವರುಷದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಹುಟ್ಟಿತು. ಹತ್ತು ವರುಷಗಳ ವರೆಗೂ ಒಂದು ವಿಧವಾಶ್ರಮವನ್ನು ನಡಿಸಲು ಹಣಕೊಡುವೆವೆಂದು ಆ ಸಂಘದವರು ಮಾತುಕೊಟ್ಟರು. ಸಂಘಕ್ಕೆ ಸೇರಿದವರಲ್ಲಿ ಧನಿಕರು ಮಾತ್ರವಲ್ಲ, ವರುಷಕ್ಕೆ ಒಂದು ಡಾಲರಿನಂಥ ಅಲ್ಪ ಕಾಣಿಕೆಯನ್ನು ಕೊಡುವವರೂ ಇದ್ದರು. ತಂದೆಯ ಮನೆಯಲ್ಲಿ ತುಟಿಬಿಚ್ಚದಿದ್ದ ಮಗಳು ಪರದೇಶದ ಸಭೆಗಳಲ್ಲಿ ನಿಂತು ಕೈಯೊಡ್ಡಿದಳು. ಪರರ ದುಃಖಕ್ಕಾಗಿ ಬೇಡುವದು ಅವಮಾನವಲ್ಲವೆಂದು ಆಕೆಯು ಕಲಿತಿದ್ದಳು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟಿತು. ಮರುವರುಷ ಅದನ್ನು ಪುಣೆಗೆ ಸಾಗಿಸಿದರು. ಮೊದಲು ಸೇರಿದವರಲ್ಲಿ ಒಬ್ಬಳಾದ ಗೋದೂಬಾಯಿ ಎಂಬ ತರುಣ ವಿಧವೆಯು ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದಳು. ಆ ಕರ್ವೆಯವರು ತಾವೂ ವಿಧವೆಯರಿಗಾಗಿ ಆಶ್ರಮವನ್ನು ಕಟ್ಟಿ ಪ್ರಖ್ಯಾತರಾದರು. ಸದನದಲ್ಲಿ ಯಾರ ಮತಕ್ಕೂ ಕೈಹಾಕಬಾರದೆಂಬ ಕಟ್ಟಳೆಯಿತ್ತು. ಊಟದ ಆಚಾರವನ್ನೂ ಪೂಜೆಯನ್ನೂ ಹುಡುಗಿಯರು ತಮ್ಮ ಇಷ್ಟದಂತೆ ನಡಿಸಬಹುದಾಗಿತ್ತು. ರಮಾಬಾಯಿಯವರು ಈ ಮಾತಿಗೆ ತಪ್ಪಲಿಲ್ಲ. ಆದರೆ ತಮ್ಮ ಸ್ವಂತ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚಿಕೊಳ್ಳಲೂ ಇಲ್ಲ. ಕೆಲವರು ಹುಡುಗಿಯರು ತಾವಾಗಿಯೇ ಬಂದು ಕೂತುಕೊಳ್ಳತೊಡಗಿದರು. 1893ರಲ್ಲಿ ಪುಣೆಯ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದು, ಸಲಹೆಗಾರರಾಗಿದ್ದ ಹಿಂದೂಸಜ್ಜನರು ಬಿಟ್ಟುಹೋದರು; ಅನೇಕ ಹುಡುಗಿಯರನ್ನು ಬಂಧುಗಳು ಕರೆದುಕೊಂಡುಹೋದರು. ಅನ್ನವನ್ನು ತೋರಿಸಿ ಮತವನ್ನು ಕೆಡಿಸುತ್ತಾಳೆಂಬ ಅಪವಾದವನ್ನು ಅವರು ಹೊರಬೇಕಾಯಿತು. ಈ ಮಾತು ನಮ್ಮ ಹಳ್ಳಿಗಳವರ ಕಿವಿಗೆ ಹೊಸದಲ್ಲ. ಸಹಾಯಮಾಡುವವನು ಸಹಾಯಪಡೆದವನ ಮನಸ್ಸಾಕ್ಷಿಯನ್ನು ಕ್ರಯಕ್ಕೆ ಕೊಳ್ಳಬಾರದು, ತನ್ನ ನಂಬಿಕೆಯನ್ನು ಬಚ್ಚಿಡಲೂ ಬಾರದು. ಈ ಇಕ್ಕಟ್ಟಿನ ದಾರಿಯಲ್ಲಿ ಅವರು ಧೈರ್ಯದಿಂದ ನಡೆದರು.

ಇಷ್ಟರೊಳಗೆ ಅವರ ಅಂತರಂಗದಲ್ಲಿ ಮತ್ತೊಂದು ಕಾರ್ಯವು ನಡೆದಿತ್ತು. ದೀಕ್ಷಾಸ್ನಾನವಾಗಿ ಎಂಟು ವರುಷಗಳಾದ ಬಳಿಕ, ಹಾಸ್ಲಮ್ ಎಂಬ ಇಂಗ್ಲಿಷ್ ಬೋಧಕರ ಜೀವನವೃತ್ತಾಂತವನ್ನು ಓದುತ್ತಿರುವಾಗ, ತನಗೆ ಕ್ರಿಸ್ತಮತವು ದೊರಕಿತೇ ಹೊರತು ಕ್ರಿಸ್ತನು ಇನ್ನೂ ದೊರಕಲಿಲ್ಲವೆಂದು ಅವರಿಗೆ ತಿಳಿದುಬಂತು. ಅಷ್ಟು ವಿದ್ಯೆ, ಅಷ್ಟು ಕೀರ್ತಿ, ಅಷ್ಟು ಸೇವೆ ಇದ್ದ ಪಂಡಿತೆಯು ಏನೂ ಇಲ್ಲದವಳಾಗಿ ಕರ್ತನ ಮುಂದೆ ಬಂದು, ರಕ್ಷಣೆಯನ್ನು ಭಿಕ್ಷೆಯಂತೆ ಬೇಡಿದಳು. ಮನುಷ್ಯರ ಮುಂದೆ ಪರರಿಗಾಗಿ ಬೇಡುವದಕ್ಕಿಂತ, ದೇವರ ಮುಂದೆ ತನಗಾಗಿ ಬೇಡುವದು ವಿದ್ಯಾವಂತರಿಗೆ ಹೆಚ್ಚು ಕಷ್ಟ. ಬ್ರಿಸ್ಟಲಿನ ಜಾರ್ಜ್ ಮುಲ್ಲರರ ಚರಿತ್ರೆಯನ್ನೂ ಚೀನಾದೇಶದ ಸುವಾರ್ತಾಸೇವೆಯ ಕಥೆಯನ್ನೂ ಓದಿ, ಆ ಮೇಲೆ ದಿನದಿನದ ಅಗತ್ಯಗಳನ್ನೆಲ್ಲಾ ಮೊದಲು ಕರ್ತನಿಗೇ ತಿಳಿಸುವದನ್ನು ಅವರು ಅಭ್ಯಾಸಮಾಡಿಕೊಂಡರು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವು ಬಿತ್ತು. ಆ ಸುದ್ದಿಯನ್ನು ಕೇಳಿದಾಗ ರಮಾಬಾಯಿಯವರಿಗೆ ತಾಯಿಯ ಮುಖವು ನೆನಪಾಗದೆ ಇದ್ದೀತೇ? ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಆದರೂ ಹೊರಟುಹೋಗಿ, ಬಡವರ ಶಿಬಿರಗಳಲ್ಲಿಯೂ ರಸ್ತೆಯ ಬದಿಯಲ್ಲಿಯೂ ಎಲುಬುಗೂಡಾಗಿ ಬಿದ್ದಿದ್ದ ಹುಡುಗಿಯರನ್ನೂ ವಿಧವೆಯರನ್ನೂ ಎತ್ತಿಕೊಂಡು ಬಂದರು. ಹೀಗೆ ಬಂದವರು ಸುಮಾರು ಮುನ್ನೂರು ಮಂದಿ. ಪುಣೆಯಲ್ಲಿ ಪ್ಲೇಗಿನ ಕಟ್ಟುನಿಟ್ಟು ಇದ್ದದರಿಂದ ಅವರನ್ನು ಊರೊಳಗೆ ಇಟ್ಟುಕೊಳ್ಳಲು ಅಪ್ಪಣೆಯು ದೊರೆಯಲಿಲ್ಲ. ಆಗ ಪುಣೆಯಿಂದ ಸುಮಾರು ಮೂವತ್ತನಾಲ್ಕು ಮೈಲು ದೂರದಲ್ಲಿರುವ ಕೇಡಗಾಂವದಲ್ಲಿ ತಾವು ಮೊದಲೇ ಕೊಂಡಿದ್ದ ಹೊಲದಲ್ಲಿ ಗುಡಿಸಲುಗಳನ್ನು ಹಾಕಿಸಿದರು. ಅದೇ ಮುಕ್ತಿ ಸದನದ ಹುಟ್ಟು. 1900ರ ಗುಜರಾತಿನ ಕ್ಷಾಮಕಾಲದಲ್ಲಿ ಇನ್ನೂ ಅನೇಕರು ಬಂದು ಸೇರಿ, ಅಲ್ಲಿದ್ದವರ ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಏರಿತು.

ಇಲ್ಲಿ ನಾವು ಗಮನಿಸತಕ್ಕ ಸಂಗತಿ ಒಂದುಂಟು. ರಮಾಬಾಯಿಯವರು ಯಾರನ್ನೂ ಬರಿದೇ ಅನ್ನವನ್ನುಣ್ಣುವವರನ್ನಾಗಿ ಕೂರಿಸಲಿಲ್ಲ. ಬೇಸಾಯ, ನೆಯ್ಗೆ, ಎಣ್ಣೆಗಾಣ, ಹೈನುಗಾರಿಕೆ, ಹೊಲಿಗೆ, ಅಚ್ಚುಕೂಟ ಹೀಗೆ ನಾನಾ ಕೆಲಸಗಳನ್ನು ಕಲಿಸಿದರು. ಕುರುಡರಿಗೆ ಬೆರಳಿನಿಂದ ಓದುವ ಬ್ರೇಲ್ ಅಕ್ಷರಗಳನ್ನು ಕಲಿಸಲಾಯಿತು. ದಾರಿತಪ್ಪಿದ ಸ್ತ್ರೀಯರಿಗೆ ಕೃಪಾ ಸದನವೆಂಬ ಮನೆಯಾಯಿತು. ಮೊದಲು ಬಂದವರು ಹಿಂದಿನಿಂದ ಬಂದವರಿಗೆ ಉಪಾಧ್ಯಾಯಿನಿಯರೂ ದಾದಿಯರೂ ಆದರು. ನಿನ್ನೆ ಸಹಾಯವನ್ನು ಪಡೆದವಳು ಇಂದು ಸಹಾಯವನ್ನು ಕೊಟ್ಟಳು. ಹೀಗಾದಲ್ಲಿ ಪಡೆದವಳ ತಲೆಯು ತಗ್ಗುವದಿಲ್ಲ, ಕೊಟ್ಟವಳ ತಲೆಯು ಏರುವದೂ ಇಲ್ಲ. ನಮ್ಮ ನಾಡಿನ ಕಲಬುರ್ಗಿಯಲ್ಲಿಯೂ ಮಗಳು ಮನೋರಮೆಯ ಸಹಾಯದಿಂದ ಅವರು ಒಂದು ಶಾಲೆಯನ್ನು ಸ್ಥಾಪಿಸಿದರು.

ಕೊನೆಯ ವರುಷಗಳಲ್ಲಿ ಅವರು ಕೈಹಾಕಿದ ಕೆಲಸವು ಸತ್ಯವೇದದ ಭಾಷಾಂತರ. ಓದುಬರಹ ಕಡಿಮೆಯಿದ್ದ ಹಳ್ಳಿಯ ಹೆಂಗಸಿಗೂ ತಿಳಿಯುವಂಥ ಮರಾಠಿಯಲ್ಲಿ ದೇವರ ವಾಕ್ಯವಿರಬೇಕೆಂದು, ಇಳಿವಯಸ್ಸಿನಲ್ಲಿ ಇಬ್ರಿಯ ಗ್ರೀಕ್ ಭಾಷೆಗಳನ್ನು ವಿದ್ಯಾರ್ಥಿನಿಯಂತೆ ಕಲಿತರು. ಸಂಸ್ಕೃತದ ಪಂಡಿತೆಯು ತನ್ನ ಪಾಂಡಿತ್ಯವನ್ನು ಪ್ರದರ್ಶಿಸದೆ ಸುಲಭವಾದ ಮಾತುಗಳನ್ನು ಹುಡುಕಿದ್ದು ಸಣ್ಣ ತ್ಯಾಗವಲ್ಲ. ಮುಕ್ತಿಯ ಸ್ತ್ರೀಯರೇ ಅಚ್ಚಿನ ಮೊಳೆಗಳನ್ನು ಜೋಡಿಸಿದರು. 1919ರಲ್ಲಿ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲೈ ತಿಂಗಳಲ್ಲಿ ಒಬ್ಬಳೇ ಮಗಳಾದ ಮನೋರಮೆಯು ತೀರಿಹೋದಳು. ಆ ದುಃಖದಲ್ಲಿಯೂ ಕೆಲಸವನ್ನು ಬಿಡದೆ ಭಾಷಾಂತರವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು. ಇಡೀ ಸತ್ಯವೇದವು 1924ರಲ್ಲಿ ಅಚ್ಚಾಗಿ ಹೊರಬಂತು. ಅವರು ತೀರಿಹೋಗಿ ನೂರು ವರುಷಗಳು ಕಳೆದರೂ ಕೇಡಗಾಂವದಲ್ಲಿ ಮುಕ್ತಿಯ ಬಾಗಿಲು ಇನ್ನೂ ತೆರೆದಿದೆ.

ಈ ಚರಿತ್ರೆಯನ್ನು ಓದುವಾಗ ನಮ್ಮ ಸ್ವಂತ ತಪ್ಪೊಂದು ನಮ್ಮನ್ನು ಚುಚ್ಚುತ್ತದೆ. ಅದನ್ನು ಇಲ್ಲಿ ಅರಿಕೆಮಾಡುತ್ತೇವೆ. ಮಳೆಯು ತಪ್ಪಿದ ಒಂದು ವರುಷ ನಮ್ಮ ಸಭೆಯ ಒಬ್ಬ ವಿಧವೆಗೆ ನಾವು ಎರಡು ಸೇರು ರಾಗಿಯನ್ನು ಕೊಟ್ಟೆವು. ಮುಂದಿನ ಆದಿತ್ಯವಾರ ಔದಾರ್ಯದ ವಿಷಯವಾಗಿ ಪ್ರಸಂಗಿಸುತ್ತಾ, ಆಕೆಯ ಹೆಸರನ್ನು ಹೇಳದೆ, ಆದರೆ ಎಲ್ಲರಿಗೂ ಗೊತ್ತಾಗುವಂತೆ, ಅದನ್ನು ದೃಷ್ಟಾಂತವಾಗಿ ತಂದೆವು. ಆಕೆಯು ಸೆರಗನ್ನು ಮುಖದ ಮೇಲಕ್ಕೆ ಎಳೆದುಕೊಂಡದ್ದನ್ನು ಕಂಡೆವು. ಅಂದಿನಿಂದ ಸುಗ್ಗಿಯ ವರೆಗೂ ಆಕೆಯು ಆರಾಧನೆಗೆ ಬರಲಿಲ್ಲ. ಸುಗ್ಗಿಯಾದ ಮೇಲೆ ಎರಡು ಸೇರು ರಾಗಿಯನ್ನು ಅಳೆದು ತಂದು, ನಮ್ಮ ಜಗಲಿಯ ಮೇಲಿಟ್ಟು, ಒಂದು ಮಾತನ್ನೂ ಆಡದೆ ಹೊರಟುಹೋದಳು. ಮರುವರುಷ ಒಂದು ನಡುರಾತ್ರಿಯಲ್ಲಿ ನಮ್ಮ ಕೂಸಿಗೆ ಜ್ವರವೇರಿದಾಗ ನಾವು ಆಕೆಯ ಬಾಗಿಲನ್ನೇ ತಟ್ಟಬೇಕಾಯಿತು. ತಟ್ಟುವ ಮೊದಲು ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದೆವು. ಆಕೆಯು ಎದ್ದು ಬಂದು ಬೆಳಗಾಗುವ ವರೆಗೂ ಕೂಸಿನ ಬಳಿಯಲ್ಲಿ ಕೂತಿದ್ದಳು. ಆ ಸಂಗತಿಯನ್ನು ಊರಲ್ಲಿ ಯಾರಿಗೂ ಹೇಳಲಿಲ್ಲ. ದೇವಶಾಸ್ತ್ರದ ಶಾಲೆಯಲ್ಲಿ ನಾವು ಕಲಿಯದ ಪಾಠವನ್ನು ಆ ಓದುಬಾರದ ತಾಯಿಯು ನಮಗೆ ಕಲಿಸಿದಳು.

ಆದಕಾರಣ, ಪ್ರಿಯರೇ, ಮನೆಯಲ್ಲಿ ಕೊರತೆಯಿದ್ದರೆ ಮೊದಲು ಕರ್ತನಿಗೆ ತಿಳಿಸಿರಿ. ಬಳಿಕ ಸಭೆಯ ಹಿರಿಯರಲ್ಲಿಯೋ ನೆರೆಯ ವಿಶ್ವಾಸಿಯಲ್ಲಿಯೋ ಹೇಳಿಕೊಳ್ಳಲು ನಾಚಬೇಡಿರಿ. ನೀವು ಬಾಯಿಮುಚ್ಚಿಕೊಂಡರೆ, ಕೊಡಬೇಕೆಂದಿರುವ ಸಹೋದರನ ಕೈಯನ್ನೂ ಕಟ್ಟಿದ ಹಾಗಾಗುವದು. ಆದರೆ ಕೈಕಾಲು ಗಟ್ಟಿಯಿರುವಾಗ ಕೆಲಸವನ್ನು ತಪ್ಪಿಸಿಕೊಂಡು ಕೇಳುವದು ದೀನತೆಯಲ್ಲ. ಕೊಡುವವರು ಕತ್ತಲಾದ ಮೇಲೆ ಕೊಡಲಿ, ಲೆಕ್ಕವನ್ನು ಮರೆಯಲಿ. ಕೊಟ್ಟದ್ದಕ್ಕಾಗಿ ನಮಸ್ಕಾರವನ್ನೂ ಮತವನ್ನೂ ಮತ್ತಾವ ಪ್ರತಿಫಲವನ್ನೂ ನಿರೀಕ್ಷಿಸದಿರಲಿ. ಪಡೆದವನಿಗೆ ಮರಳಿ ಏನಾದರೂ ಕೊಡಲು ಮನಸ್ಸಾದರೆ ಅದನ್ನು ಸಂತೋಷದಿಂದ ತೆಗೆದುಕೊಳ್ಳಲಿ. ತೆಗೆದುಕೊಳ್ಳುವದಕ್ಕೂ ದೀನತೆಯು ಬೇಕು.

ಸಜ್ಜೆಯ ರೊಟ್ಟಿಯ ತುಂಡನ್ನು ಹಿಡಿದುಕೊಂಡು ತಡವಾಗಿ ಬಂದ ಆ ಮಗಳು, ಮುಂದೆ ಸಾವಿರಾರು ಮಂದಿ ಹಸಿದವರಿಗೆ ತಡವಾಗದ ಹಾಗೆ ರೊಟ್ಟಿಯನ್ನು ಕೊಟ್ಟಳು. ನಮ್ಮ ಸಭೆಗಳಲ್ಲಿ ಈ ರಾತ್ರಿ ಒಲೆಯು ಹೊತ್ತದ ಮನೆಯು ಯಾವದು? ಅದು ನಮ್ಮದಾಗಿದ್ದರೆ ಬಾಗಿಲನ್ನು ತೆರೆಯೋಣ. ನೆರೆಯವನದಾಗಿದ್ದರೆ ಸದ್ದಿಲ್ಲದೆ ಹೋಗಿ ತಟ್ಟೋಣ. ಬಾವಿಯ ಬಳಿಯಲ್ಲಿ ನೀರು ಬೇಡಿದ ಕರ್ತನು ಎರಡಕ್ಕೂ ನಮಗೆ ಮನಸ್ಸನ್ನು ಕೊಡಲಿ. ಆಮೆನ್.